ಟೆನಿಸ್ ಮತ್ತು ಪಿಕಲ್‌ಬಾಲ್: ಹಾವೇರಿ ಸೀಮೆಯಲ್ಲಿ ಆಯ್ಕೆ

ನಡುವೆ ಬಲೆ ಕಟ್ಟಿ, ಚೆಂಡನ್ನು ಆಚೆ ಈಚೆ ಹೊಡೆದು ಆಡುವ ಎರಡು ಆಟಗಳು. ಟೆನಿಸ್ 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಈಗಿನ ರೂಪ ಪಡೆಯಿತು. ವಿಂಬಲ್ಡನ್ ಟೂರ್ನಿ 1877ರಲ್ಲಿ ಆರಂಭವಾಯಿತು. ಪಿಕಲ್‌ಬಾಲ್ 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಹುಟ್ಟಿತು. ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಂಥ ಕಡೆ ಇವೆರಡರಲ್ಲಿ ಯಾವುದನ್ನು ಕಲಿಯಬೇಕೆಂಬ ಪ್ರಶ್ನೆ ಬಂದರೆ, ಆಟದ ಸೊಗಸಿಗಿಂತ ಮೊದಲು ಜಾಗದ ಮಾತು ಬರುತ್ತದೆ.

ಟೆನಿಸ್ ಅಂಕಣದ ಉದ್ದ 78 ಅಡಿ. ಅಗಲ ಸಿಂಗಲ್ಸ್‌ಗೆ 27 ಅಡಿ, ಡಬಲ್ಸ್‌ಗೆ 36 ಅಡಿ. ಸುತ್ತ ಓಡಾಡುವ ಜಾಗ ಸೇರಿಸಿದರೆ ಸಾಮಾನ್ಯವಾಗಿ 120 ಅಡಿ ಉದ್ದ, 60 ಅಡಿ ಅಗಲ ಬೇಕು. ಇದು ಆರೂವರೆ ಗುಂಟೆಗೂ ತುಸು ಹೆಚ್ಚು. ಪಿಕಲ್‌ಬಾಲ್ ಅಂಕಣ 44 ಅಡಿ ಉದ್ದ, 20 ಅಡಿ ಅಗಲ. ಸುತ್ತಲಿನ ಜಾಗವೂ ಸೇರಿ 60ಕ್ಕೆ 30 ಅಡಿ ಇದ್ದರೆ ಆಟ ಸಾಗುತ್ತದೆ, ಅಂದರೆ ಎರಡು ಗುಂಟೆಯೂ ಬೇಡ. ಈ 44ಕ್ಕೆ 20 ಬ್ಯಾಡ್ಮಿಂಟನ್ ಡಬಲ್ಸ್ ಅಂಕಣದ ಅಳತೆಯೇ. ಆಟವನ್ನು ರೂಪಿಸಿದ ಜೋಯಲ್ ಪ್ರಿಚರ್ಡ್, ಬಿಲ್ ಬೆಲ್ ಮತ್ತು ಬಾರ್ನಿ ಮೆಕ್‌ಕಾಲಮ್ ಅವರಿಗೆ ಸಿಕ್ಕಿದ್ದು ಮನೆಯ ಹಿತ್ತಲಿನ ಹಳೆಯ ಬ್ಯಾಡ್ಮಿಂಟನ್ ಅಂಕಣ. ಬಲೆಯನ್ನು ಮೊದಲು ಬ್ಯಾಡ್ಮಿಂಟನ್ ಎತ್ತರದಲ್ಲೇ ಕಟ್ಟಿ, ಆಮೇಲೆ ಮೂರು ಅಡಿಗೆ ಇಳಿಸಿದರು. ಈಗಿನ ನಿಯಮದಂತೆ ಬಲೆ ಕಂಬದ ಬಳಿ 36 ಇಂಚು, ನಡುವೆ 34 ಇಂಚು. ಬ್ಯಾಡ್ಮಿಂಟನ್ ಗೆರೆ ಎಳೆದ ಗಟ್ಟಿ ನೆಲವಿರುವ ಶಾಲೆಗೆ ಪಿಕಲ್‌ಬಾಲ್ ಆರಂಭಿಸಲು ಹೊಸ ಅಂಕಣ ಬೇಕಾಗಿಲ್ಲ. ಬಲೆ ಇಳಿಸಿ ಎರಡು ಗೆರೆ ಹೆಚ್ಚಿಗೆ ಎಳೆದರೆ ಸಾಕು.

ಆ ಎರಡು ಗೆರೆಗಳಲ್ಲೇ ಆಟದ ಜೀವವಿದೆ. ಬಲೆಯಿಂದ ಎರಡೂ ಬದಿಗೆ ಏಳು ಅಡಿವರೆಗಿನ ಜಾಗಕ್ಕೆ ಆಟಗಾರರು ‘ಕಿಚನ್’ ಎನ್ನುತ್ತಾರೆ. ಅದರೊಳಗೆ ನಿಂತು ಚೆಂಡನ್ನು ಪುಟ ಬೀಳುವ ಮೊದಲೇ ಹೊಡೆಯುವಂತಿಲ್ಲ. ಹೊರಗೆ ನಿಂತು ಹಾಗೆ ಹೊಡೆದ ರಭಸಕ್ಕೆ ಕಾಲು ಒಳಗೆ ಬಿದ್ದರೂ ತಪ್ಪೇ. ಸರ್ವ್ ಮಾಡಿದ ಚೆಂಡು ಒಮ್ಮೆ, ಅದನ್ನು ಮರಳಿಸಿದ ಚೆಂಡು ಒಮ್ಮೆ ಪುಟ ಬೀಳಲೇಬೇಕು. ಹೀಗಾಗಿ ತೋಳ್ಬಲದ ಆಟಗಾರ ಬಲೆಗೆ ನುಗ್ಗಿ ಎದುರಾಳಿಯನ್ನು ತುಳಿಯಲಾರ. ಸರ್ವ್ ಕೈ ಕೆಳಗಿನಿಂದ, ಸೊಂಟಕ್ಕಿಂತ ಕೆಳಗೆ, ಒಂದೇ ಅವಕಾಶ. ರೂಢಿಯ ಲೆಕ್ಕದಲ್ಲಿ ಸರ್ವ್ ಮಾಡುವ ಪಕ್ಷಕ್ಕೆ ಮಾತ್ರ ಅಂಕ. ಗೆಲ್ಲಲು 11 ಅಂಕ, ಎರಡರ ಅಂತರ ಬೇಕು. ಟೆನಿಸ್‌ನಲ್ಲಿ ತಲೆಯ ಮೇಲಿಂದ ಹೊಡೆಯುವ ಸರ್ವ್ ಒಂದೇ ತಿಂಗಳುಗಟ್ಟಲೆ ಬೆವರಿಳಿಸುತ್ತದೆ. ಅದು ಕೈಗೆ ಹತ್ತುವವರೆಗೆ ಕಲಿಯುವವರ ಆಟವೆಂದರೆ ಬಹುಪಾಲು ಚೆಂಡು ಹೆಕ್ಕುವ ಕೆಲಸ. ಪಿಕಲ್‌ಬಾಲ್‌ನಲ್ಲಿ ಒಂದು ಸಂಜೆಯಲ್ಲಿ ಅಂಕ ಎಣಿಸುತ್ತ ಆಡಬಹುದು. ಆದರೆ ಅದು ಸುಲಭದ ಆಟವೆನ್ನುವುದು ಅರ್ಧ ಸತ್ಯ. ಕಿಚನ್ ಗೆರೆಯಲ್ಲಿ ನಿಂತು ಚೆಂಡನ್ನು ಮೆಲ್ಲಗೆ ಬಲೆ ದಾಟಿಸುವ ಹೊಡೆತಕ್ಕೆ ತಾಳ್ಮೆ ಬೇಕು, ಮತ್ತು ಟೆನಿಸ್‌ನಿಂದ ಬಂದವರು ಮೊದಲು ಎಡವುವುದು ಅಲ್ಲೇ.

ನೆಲ, ಗಾಳಿ, ಮಳೆ ಈ ಸೀಮೆಯಲ್ಲಿ ಎರಡೂ ಆಟಗಳನ್ನು ಕಾಡುತ್ತವೆ. ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿ ಬಿಡುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ಕಾಂಕ್ರೀಟ್ ಸೀಳುತ್ತದೆ. ಎರೆಯನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡಬೇಕು. ಆ ಖರ್ಚು ಜಾಗದ ಅಳತೆಯೊಂದಿಗೇ ಏರುವುದರಿಂದ ಟೆನಿಸ್ ಅಂಕಣಕ್ಕೆ ಅದು ನಾಲ್ಕು ಪಟ್ಟಾಗುತ್ತದೆ. ಮಸಾರಿ ನೆಲದಲ್ಲಿ ಈ ತೊಂದರೆ ಕಡಿಮೆ. ಟೆನಿಸ್‌ಗೆ ಮಾತ್ರ ಇನ್ನೊಂದು ದಾರಿಯುಂಟು: ರೋಲರ್ ಎಳೆದ ಮಣ್ಣಿನ ಅಂಕಣ. ಅರೆಮಲೆನಾಡಿನ ಹಾನಗಲ್‌ನಲ್ಲಿ ಅದು ಮುಂಗಾರಿನ ತಿಂಗಳುಗಳಲ್ಲಿ ಕೆಸರಾದೀತು. ಪಿಕಲ್‌ಬಾಲ್‌ನ ಹಗುರ ಚೆಂಡು ಮಣ್ಣಿನ ಮೇಲೆ ಸರಿಯಾಗಿ ಪುಟಿಯುವುದೇ ಇಲ್ಲ. 22ರಿಂದ 26 ಗ್ರಾಂ ತೂಕದ, ಮೈತುಂಬ ತೂತಿರುವ ಪ್ಲಾಸ್ಟಿಕ್ ಚೆಂಡು ಅದು. ಟೆನಿಸ್ ಚೆಂಡಿನ ತೂಕ 56ರಿಂದ 59 ಗ್ರಾಂ. ಆಷಾಢದ ಗಾಳಿಗೆ ಪ್ಲಾಸ್ಟಿಕ್ ಚೆಂಡು ಹೇಳಿದ ಕಡೆ ಹೋಗುವುದಿಲ್ಲ. ಬಯಲಲ್ಲಿ ಆಡುವವರಿಗೆ ಮುಂಜಾವೇ ಲೇಸು, ಮನೆಗಳ ಗೋಡೆಗೆ ಹತ್ತಿರ ಅಂಕಣ ಮಾಡದಿರುವುದೂ ಲೇಸು. ಆಟದ ಗಡಸು ಹಲಗೆಯಾದ ಪ್ಯಾಡಲ್‌ಗೆ ಈ ಚೆಂಡು ತಾಗುವ ಟಕ್ ಟಕ್ ಸದ್ದು ಅಮೆರಿಕದ ಎಷ್ಟೋ ಊರುಗಳಲ್ಲಿ ನೆರೆಹೊರೆಯ ಜಗಳಕ್ಕೆ ಕಾರಣವಾಗಿದೆ.

ಸ್ಪರ್ಧೆಯ ಮಟ್ಟಕ್ಕೆ ಹೋಗುವ ಆಸೆಯಿದ್ದರೆ ತಕ್ಕಡಿ ಟೆನಿಸ್ ಕಡೆ ವಾಲುತ್ತದೆ. 1988ರಿಂದ ಅದು ಮತ್ತೆ ಒಲಿಂಪಿಕ್ಸ್ ಪದಕದ ಆಟ. ಪಿಕಲ್‌ಬಾಲ್‌ಗೆ ಆ ಸ್ಥಾನ ಇನ್ನೂ ಸಿಕ್ಕಿಲ್ಲ. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣಗಳಿವೆ. ಹತ್ತಿರದ ಧಾರವಾಡದಲ್ಲಿ 2023ರ ಅಕ್ಟೋಬರಿನಲ್ಲಿ ಪುರುಷರ ಅಂತರರಾಷ್ಟ್ರೀಯ ಟೂರ್ನಿ ನಡೆದು ರಾಮಕುಮಾರ್ ರಾಮನಾಥನ್ ಗೆದ್ದರು. ಹೆದ್ದಾರಿಯ ಮೇಲಿರುವ ಶಿಗ್ಗಾಂವಿಯ ಹುಡುಗಿಗೆ ಹುಬ್ಬಳ್ಳಿ-ಧಾರವಾಡ ನಿಲುಕುವ ದೂರ, ಹಿರೇಕೆರೂರಿನವಳಿಗೆ ಹಾಗಲ್ಲ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ 43ನೆಯ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಒಂದನೆಯ ಸ್ಥಾನಕ್ಕೇರಿದರು. ಆದರೆ ಅಂಥ ಫಲಕ್ಕೆ ಬಾಲ್ಯದಿಂದಲೇ ತರಬೇತುದಾರರು, ಪ್ರಯಾಣ, ಮನೆಯವರ ಹಣ ಎಲ್ಲವೂ ಬೇಕು. ಪಿಕಲ್‌ಬಾಲ್ ಭಾರತಕ್ಕೆ ಬಂದದ್ದು ಮುಂಬೈಯ ಸುನೀಲ್ ವಾಲಾವಲ್ಕರ್ ಅವರ ಮೂಲಕ. ಅಖಿಲ ಭಾರತ ಪಿಕಲ್‌ಬಾಲ್ ಸಂಸ್ಥೆ 2008ರಲ್ಲಿ ಸ್ಥಾಪನೆಯಾಯಿತು. ಆದರೆ ಕೇಂದ್ರ ಕ್ರೀಡಾ ಸಚಿವಾಲಯ 2025ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಒಕ್ಕೂಟವೆಂದು ಮಾನ್ಯ ಮಾಡಿದ್ದು ಬೇರೊಂದನ್ನು, ಇಂಡಿಯನ್ ಪಿಕಲ್‌ಬಾಲ್ ಅಸೋಸಿಯೇಶನ್ ಅನ್ನು. ಮಕ್ಕಳ ಸರ್ಟಿಫಿಕೇಟಿನ ಮೇಲೆ ಕಣ್ಣಿಟ್ಟ ತಂದೆತಾಯಿ ಟೂರ್ನಿ ಯಾವ ಸಂಸ್ಥೆಯದೆಂದು ಮೊದಲೇ ಕೇಳುವುದು ಒಳ್ಳೆಯದು.

ಎಂಟು ವರ್ಷದೊಳಗಿನ ಮಕ್ಕಳಿಗೆ ಆಯ್ಕೆಯ ತೊಡಕೇ ಇಲ್ಲ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟ ಚಿಕ್ಕವರಿಗೆಂದು ನಿಗದಿ ಮಾಡಿದ ಮೆದು ಕೆಂಪು ಚೆಂಡಿನ ಅಂಕಣ ಸುಮಾರು 11ರಿಂದ 13 ಮೀಟರ್ ಉದ್ದ, 4ರಿಂದ 6 ಮೀಟರ್ ಅಗಲ. ಅದೂ ಬ್ಯಾಡ್ಮಿಂಟನ್ ಗೆರೆಗಳ ಒಳಗೇ ಹಿಡಿಸುತ್ತದೆ. ಬೆಳಿಗ್ಗೆ ಮಕ್ಕಳ ಟೆನಿಸ್, ಸಂಜೆ ದೊಡ್ಡವರ ಪಿಕಲ್‌ಬಾಲ್ ಒಂದೇ ನೆಲದ ಮೇಲೆ ನಡೆಯಬಹುದು. ಟೆನಿಸ್ ಬಲ್ಲವರಿಗೆ ಪಿಕಲ್‌ಬಾಲ್ ಬೇಗ ಒಲಿಯುತ್ತದೆ, ತಿರುಗಿ ಹೋಗುವ ದಾರಿ ಕಡಿದು. ಹತ್ತಿರದಲ್ಲಿ ಕಲಿಸುವವರಿದ್ದರೆ ಮಗುವಿಗೆ ಟೆನಿಸ್ ಮೊದಲಾಗಲಿ.

ನಲವತ್ತು ದಾಟಿ ಮೊದಲ ಬಾರಿ ಪ್ಯಾಡಲ್ ಹಿಡಿಯುವ ಶಿಕ್ಷಕರಿಗೆ, ಅಂಗಡಿಯವರಿಗೆ, ಗೃಹಿಣಿಯರಿಗೆ ಪಿಕಲ್‌ಬಾಲ್ ಡಬಲ್ಸ್ ಹೆಚ್ಚು ಒಗ್ಗುತ್ತದೆ. ಟೆನಿಸ್‌ನ ಪೆಟ್ಟು ಭುಜಕ್ಕೆ, ಮೊಣಕೈಗೆ. ಪಿಕಲ್‌ಬಾಲ್‌ನಲ್ಲಿ ಅದು ಕಡಿಮೆಯಾದರೂ ಮೀನಖಂಡ, ಹಿಮ್ಮಡಿಯ ಸ್ನಾಯುರಜ್ಜು ಉಳುಕುತ್ತವೆ, ವಯಸ್ಸಾದವರು ಬಿದ್ದು ಮಣಿಕಟ್ಟು ಮುರಿದುಕೊಳ್ಳುತ್ತಾರೆ. ತಲೆಯ ಮೇಲಿಂದ ಹೋದ ಚೆಂಡಿಗೆ ಹಿಮ್ಮುಖವಾಗಿ ಓಡುವುದು ಇಂಥ ಬೀಳುವಿಕೆಗೆ ದೊಡ್ಡ ಕಾರಣ. ಮೈ ತಿರುಗಿಸಿ ಓಡುವುದನ್ನು ಸರ್ವ್‌ಗಿಂತ ಮೊದಲೇ ಕಲಿಸಬೇಕು, ಮತ್ತು ಚಪ್ಪಲಿಯಲ್ಲಿ ಯಾರನ್ನೂ ಅಂಕಣಕ್ಕೆ ಇಳಿಸಬಾರದು.