ಬೆಸುಗೆಗೆ ಒಗ್ಗದ ಉಕ್ಕು

ಮನುಷ್ಯನ ಇತಿಹಾಸವನ್ನು ನಾವು ಲೋಹಗಳ ಹೆಸರಿನಲ್ಲಿ ವಿಂಗಡಿಸಿಕೊಂಡಿದ್ದೇವೆ: ತಾಮ್ರಯುಗ, ಕಂಚಿನ ಯುಗ, ಕಬ್ಬಿಣದ ಯುಗ. ಆದರೆ ಒಂದು ಲೋಹವನ್ನು ಇನ್ನೊಂದಕ್ಕೆ ಕೂಡಿಸಿದ್ದು ಯಾವುದು? ತಂತ್ರಜ್ಞಾನದ ಚರಿತ್ರೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಈ ಪ್ರಶ್ನೆಯ ಎಳೆ ಸಿಕ್ಕಿದ್ದು ತೀರ ಸಾಧಾರಣವೆನಿಸುವ ಕೆಲಸವೊಂದರಲ್ಲಿ. ಅದು ತಾಮ್ರದ ಕೊಳವೆಯನ್ನು ಸ್ಟೇನ್‌ಲೆಸ್ ಸ್ಟೀಲಿನ ಫಿಟ್ಟಿಂಗಿಗೆ ಬೆಸೆಯುವ ಕೆಲಸ.

ಬ್ರೇಜಿಂಗ್ ಎಂಬ ಈ ಬೆಸುಗೆಯಲ್ಲಿ ಕೂಡಬೇಕಾದ ಲೋಹಗಳು ಕರಗುವುದಿಲ್ಲ. ಅವುಗಳಿಗಿಂತ ಕಡಿಮೆ ಶಾಖಕ್ಕೆ ಕರಗುವ ಮೂರನೆಯ ಲೋಹವೊಂದು ನಡುವಿನ ಸಂದಿಗೆ ತಾನಾಗಿ ಹರಿದು ಗಟ್ಟಿಯಾಗುತ್ತದೆ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಬೆಳ್ಳಿ ಬೆರೆತ ಬೆಸುಗೆ ಕಡ್ಡಿಗೆ ಸಾಮಾನ್ಯವಾಗಿ 600ರಿಂದ 800 ಡಿಗ್ರಿ ಸಾಕು. ವಿದ್ಯೆ ಹೊಸದಲ್ಲ. ಇಂದಿನ ಇರಾಕಿನ ಊರ್ ನಗರದ ರಾಜಸಮಾಧಿಗಳಲ್ಲಿ ದೊರೆತ, ಕ್ರಿ.ಪೂ. 2500ರ ಸುಮಾರಿನ ಚಿನ್ನದ ಸಾಮಾನುಗಳಲ್ಲೇ ಇಂಥ ಬೆಸುಗೆಯಿದೆ.

ಅಡ್ಡಿ ಇರುವುದು ಬೇರೆಡೆ. ಕಾದ ಲೋಹದ ಮೇಲೆ ಗಾಳಿಯ ಆಮ್ಲಜನಕ ತೆಳುವಾದ ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲೆ ಕರಗಿದ ಬೆಸುಗೆ ಕೆಸುವಿನೆಲೆಯ ಮೇಲಿನ ನೀರಿನಂತೆ ಅಂಟದೆ ಉರುಳುತ್ತದೆ. ಪೊರೆಯನ್ನು ಕಳೆಯಲು ನಮ್ಮ ಅಕ್ಕಸಾಲಿಗರು ಬಳಸುತ್ತ ಬಂದದ್ದು ಬಿಳಿಗಾರ, ಸಂಸ್ಕೃತದ ಟಂಕಣ. ಲಡಾಖ್ ಮತ್ತು ಟಿಬೆಟ್‌ನಲ್ಲಿ ಸಿಗುತ್ತಿದ್ದ ಈ ಲವಣ ಹಿಮಾಲಯ ದಾಟಿ ಯುರೋಪನ್ನೂ ತಲುಪಿತು. ತಾಮ್ರದ ಪಾತ್ರೆಗೆ ಕಲಾಯಿ ಹಾಕುವವರು ತವರ ಹಚ್ಚುವ ಮೊದಲು ನವಸಾಗರದ ಪುಡಿ ಎರಚುತ್ತಾರಲ್ಲ, ಅಲ್ಲಿ ನಡೆಯುವುದೂ ಇದೇ ಪೊರೆ ಕಳಚುವ ಕೆಲಸ.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಿರಲೆಂದು ಉಕ್ಕಿಗೆ ಸುಮಾರು 13 ಶೇಕಡಾ ಕ್ರೋಮಿಯಂ ಬೆರೆಸಿದ. ತುಕ್ಕು ಹಿಡಿಯದ ಉಕ್ಕು ಸಿಕ್ಕಿತು. ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿಯೂ ಅದೇ ಕಾಲಕ್ಕೆ ನಿಕ್ಕಲ್ ಬೆರೆತ ಇನ್ನೊಂದು ಬಗೆ ರೂಪುಗೊಂಡಿತ್ತು. ಈ ಉಕ್ಕನ್ನು ಕಾಯುವುದು ಅದರ ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ಪೊರೆ. ಗೀರಿದರೂ ಅದು ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಉಕ್ಕಿನ ಈ ಗುಣವೇ ಬೆಸೆಯುವವನ ಪಾಲಿಗೆ ತೊಡಕು. ಸಾವಿರಾರು ವರ್ಷ ನಂಬಿದ್ದ ಬಿಳಿಗಾರ ಇಲ್ಲಿ ಸೋಲುತ್ತದೆ: ಅದು ಕರಗುವುದೇ 740 ಡಿಗ್ರಿಯ ಸುಮಾರಿಗೆ, ಕರಗಿದರೂ ಕ್ರೋಮಿಯಂ ಪೊರೆಯನ್ನು ಸುಲಭವಾಗಿ ಬಿಡಿಸಲಾರದು. ಹಾಗಾಗಿ ಫ್ಲೋರಿನ್ ಸೇರಿದ ಲವಣಗಳ ಫ್ಲಕ್ಸ್ ಬೇಕಾಯಿತು. ಫ್ರಿಜ್ ಮೆಕ್ಯಾನಿಕ್‌ಗಳು ತಾಮ್ರಕ್ಕೆ ತಾಮ್ರ ಬೆಸೆಯುವಾಗ ಫ್ಲಕ್ಸ್ ಇಲ್ಲದೆಯೇ ಬಳಸುವ ರಂಜಕ ಬೆರೆತ ಕಡ್ಡಿಯೂ ಇಲ್ಲಿ ಕೂಡದು. ರಂಜಕ ಕಬ್ಬಿಣದೊಡನೆ ಕೂಡಿ ಪೆಡಸಾದ ಪದರವಾಗುತ್ತದೆ. ಕೊಳವೆ ಅದುರುತ್ತಿದ್ದರೆ ಬೆಸುಗೆ ಅಲ್ಲೇ ಬಿರುಕು ಬಿಡುತ್ತದೆ.

ಉಳಿದದ್ದು ಬೆಳ್ಳಿಯ ಕಡ್ಡಿ. ಅದನ್ನು ಇನ್ನೂ ಕಡಿಮೆ ಶಾಖದಲ್ಲಿ ಸಲೀಸಾಗಿ ಹರಿಯಿಸಿದ್ದು ಕ್ಯಾಡ್ಮಿಯಂ. 45 ಶೇಕಡಾ ಬೆಳ್ಳಿಯೊಂದಿಗೆ ಬರೀ ತಾಮ್ರ ಮತ್ತು ಸತುವಿದ್ದರೆ ಕಡ್ಡಿ ಪೂರ್ತಿ ಕರಗಲು 743 ಡಿಗ್ರಿ ಬೇಕು. 24 ಶೇಕಡಾ ಕ್ಯಾಡ್ಮಿಯಂ ಸೇರಿಸಿದರೆ 618 ಸಾಕು. ಕೆಲಸ ಹಗುರವಾಯಿತು, ಬೆಸುಗೆ ಅಚ್ಚುಕಟ್ಟಾಯಿತು. ಆದರೆ ಕ್ಯಾಡ್ಮಿಯಂ 767 ಡಿಗ್ರಿಗೆ ಕುದಿಯುತ್ತದೆ. ಜ್ವಾಲೆ ಸ್ವಲ್ಪ ಹೆಚ್ಚಾದರೂ ಹೊಗೆ ನೇರ ಕೆಲಸಗಾರನ ಶ್ವಾಸಕೋಶಕ್ಕೆ. 1993ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾಡ್ಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಖಚಿತಪಡಿಸಿತು. ಬೆಸುಗೆ ಕಡ್ಡಿಗಳಲ್ಲಿ ಅದರ ಬಳಕೆಯನ್ನು ಯುರೋಪಿಯನ್ ಒಕ್ಕೂಟ, ಕೆಲವು ವಿನಾಯಿತಿಗಳನ್ನು ಉಳಿಸಿಕೊಂಡು, ನಿಷೇಧಿಸಿದ್ದು 2011ರಲ್ಲಿ. ನಡುವೆ ಹದಿನೆಂಟು ವರ್ಷ.

ಬೆಸುಗೆ ಎಂಬ ಮಾತನ್ನು ನಾವು ಸ್ನೇಹಕ್ಕೂ ದಾಂಪತ್ಯಕ್ಕೂ ಧಾರಾಳವಾಗಿ ಬಳಸುತ್ತೇವೆ. ಆ ಮಾತು ಹುಟ್ಟಿದ ಕೆಲಸದ ಮನೆಯಲ್ಲಿ ಬೆಸುಗೆಯೆಂದರೆ ಮೊದಲು ಪೊರೆ ಕಳಚುವುದು, ಹೊಗೆಯ ಎದುರು ನಿಲ್ಲುವುದು. ತುಕ್ಕು ಹಿಡಿಯದ ಉಕ್ಕಿನ ಚರಿತ್ರೆ ಬ್ರಿಯರ್ಲಿಯ ಹೆಸರಿನಿಂದ ಆರಂಭವಾಗುತ್ತದೆ, ಸರಿಯೇ. ಅದನ್ನು ತಾಮ್ರಕ್ಕೆ ಕೂಡಿಸಿದವರ ಹೆಸರುಗಳು ಅದರಲ್ಲಿ ಇಲ್ಲ. ಆ ಹದಿನೆಂಟು ವರ್ಷ ಅವರು ಎಳೆದುಕೊಂಡ ಉಸಿರೂ ಅದೇ ಚರಿತ್ರೆಯ ಭಾಗವೆಂದು ನಾನು ತಿಳಿಯುತ್ತೇನೆ.