ಕಚೇರಿ ಮುಗಿದ ಮೇಲಿನ ಲಾವಣಿ

ಕನ್ನಡ ಲಾವಣಿ ಸಂಗ್ರಹದ ಚರಿತ್ರೆಯನ್ನು ಜಾನ್ ಫೇತ್‌ಫುಲ್ ಫ್ಲೀಟ್‌ನ ಹೆಸರಿನಿಂದ ಆರಂಭಿಸುವುದು ರೂಢಿ. 1867ರಲ್ಲಿ ಮುಂಬಯಿ ಪ್ರಾಂತದ ಸಿವಿಲ್ ಸೇವೆಗೆ ಸೇರಿದ ಈತನಿಗೆ ಸಂಬಳ ಬರುತ್ತಿದ್ದುದು ಕಂದಾಯದ ಆಡಳಿತಕ್ಕೆ, ಶಾಲೆಗಳ ತಪಾಸಣೆಗೆ. ಸವದತ್ತಿಯ ರಟ್ಟರ ಶಾಸನಗಳನ್ನು ಓದಿದ್ದು, ಹಳ್ಳಿಯ ಹಾಡು ಬರೆದುಕೊಂಡದ್ದು ಈ ನೌಕರಿಯ ಜೊತೆಜೊತೆಗೇ. ಆಗ ಧ್ವನಿಮುದ್ರಣ ಯಂತ್ರವಿರಲಿಲ್ಲ. ಎಡಿಸನ್ನನ ಫೋನೋಗ್ರಾಫ್ ಬಂದದ್ದು 1877ರಲ್ಲಿ. ಕಿವಿ ಮತ್ತು ಲೇಖನಿಯೇ ಯಂತ್ರ. ಆ ಲಾವಣಿಗಳು 1885ರಿಂದ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಪ್ರಕಟವಾದವು.

ಲಾವಣಿಯನ್ನೇ ಸಂಶೋಧನೆಗೆ ಆಯ್ದುಕೊಂಡ ನನ್ನನ್ನು ಹೆಚ್ಚು ಕಾಡುವುದು ಆತನ ಆಯ್ಕೆ. ಒಂದು ಹಾಡು ಸಂಗೊಳ್ಳಿ ರಾಯಣ್ಣನದು. ಕಿತ್ತೂರಿನ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದೇ 1829ರಲ್ಲಿ ತೀರಿಕೊಂಡರು. ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಇನ್ನೊಂದು, 1857ರಲ್ಲಿ ಆಯುಧ ಒಪ್ಪಿಸಲೊಲ್ಲದ ಹಲಗಲಿ ಬೇಡರದು. ಮುಂದಿನ ವರ್ಷವೇ ರಾಮದುರ್ಗ ಸೀಮೆಯ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಹತನಾಗಿದ್ದ. ಮತ್ತೊಂದು ಹಾಡಿನ ವಸ್ತು 1860ರಲ್ಲಿ ಬಂದ ಆದಾಯ ತೆರಿಗೆ! ಹಗಲು ಸರಕಾರದ ಕೆಲಸ ಮಾಡುವವನು ಸರಕಾರದ ವಿರುದ್ಧ ಎದ್ದವರ ಕಥೆಯನ್ನೂ, ಜನರ ಮೇಲೆ ಬಿದ್ದ ತೆರಿಗೆಯ ಹಾಡನ್ನೂ ಅಕ್ಷರಕ್ಕಿಳಿಸಿದ. ಅದು ಕುತೂಹಲವೋ, ಆಳುವವರಿಗೆ ಬೇಕಾದ ತಿಳಿವಳಿಕೆಯೋ? ಎರಡೂ ಇದ್ದಿರಬಹುದು. ಆದರೆ ಹಾಡು ಉಳಿಯಿತು.

ಇಲ್ಲಿ ನೌಕರಿಯನ್ನೂ ಹಾಡನ್ನೂ ತೂಗಿಸಿದವನು ಫ್ಲೀಟ್ ಒಬ್ಬನೇ ಎಂದು ತಿಳಿದರೆ ಅರ್ಧ ಚರಿತ್ರೆ ಮಾತ್ರ ಸಿಕ್ಕೀತು. ಲಾವಣಿಕಾರರೂ ದುಡಿಯುವವರೇ. ಹಗಲೆಲ್ಲ ಹೊಲ, ನೇಗಿಲು, ಕೂಲಿ. ರಾತ್ರಿ ದಪ್ಪು, ತುಂತುಣಿ. ಜಾತ್ರೆಗಳಲ್ಲಿ ಹರದೇಶಿ, ನಾಗೇಶಿ ಮೇಳಗಳು ಎದುರುಬದುರು ನಿಂತು, ಶಿವ ಹೆಚ್ಚೋ ಶಕ್ತಿ ಹೆಚ್ಚೋ ಎಂದು ಬೆಳಗಿನವರೆಗೆ ವಾದ ಹೂಡುತ್ತಿದ್ದವು. ಹೊಸ ಮೇಳವೊಂದರ ಹೆಸರು ಊರಿಂದೂರಿಗೆ ಹಬ್ಬಲು ಇಂಥ ಒಂದು ರಾತ್ರಿ ಸಾಕು.

'ಫ್ಲೀಟ್ ಸಂಗ್ರಹಿಸಿದ ಲಾವಣಿ' ಎಂದು ನಾವು ಸಲೀಸಾಗಿ ಬರೆಯುತ್ತೇವೆ. ಆದರೆ ಲಾವಣಿ ತನ್ನ ದಾಖಲೆಯನ್ನು ತಾನೇ ಇಟ್ಟುಕೊಳ್ಳುವ ಪ್ರಕಾರ. ಕೊನೆಯ ನುಡಿಯಲ್ಲಿ ಕವಿಯ ಊರು, ದೈವ, ಗುರು, ಹೆಸರು ಅಂಕಿತವಾಗಿ ಬರುತ್ತವೆ. ಹಲಗಲಿಯ ಲಾವಣಿ ಗದಗ ಬಳಿಯ ಕುರ್ತಕೋಟಿಯ ಕಲ್ಮೇಶನನ್ನು ನೆನೆಯುವುದು ಹೀಗೆಯೇ. ಸಂಗ್ರಾಹಕನ ಹೆಸರು ಪತ್ರಿಕೆಯ ಪುಟದಲ್ಲಿ ಉಳಿದರೆ, ಕಟ್ಟಿದವನ ಹೆಸರು ಹಾಡಿನೊಳಗೇ ಉಳಿಯಿತು.

ಇಂದು ನೌಕರಿಯ ನಡುವೆ ಬಿಡುವು ಮಾಡಿಕೊಂಡು ಮೊಬೈಲ್ ಹಿಡಿದು ಜಾತ್ರೆಗೆ ಹೋಗುವ ಗೆಳೆಯರು ಬಹಳ. ಅವರಿಗೆ ನನ್ನದೊಂದೇ ಮನವಿ: ಚಂದದ ಸೊಲ್ಲು ಸಿಕ್ಕಿತೆಂದು ನಡುವೆ ನಿಲ್ಲಿಸಬೇಡಿ. ಅಂಕಿತ ಬರುವವರೆಗೆ ಮುದ್ರಣ ನಡೆಯಲಿ.