ಗೋವೆಯ ಅನಲಾಗ್ ದೂರದರ್ಶನ: ಆಕರ ಬರವಣಿಗೆಯಲ್ಲಿ ಮಾನಕ ಮತ್ತು ಕಾಲ

ಅಳಿದುಹೋದ ಅನಲಾಗ್ ದೂರದರ್ಶನ ಮಾನಕಗಳನ್ನು ದೇಶವಾರು ಕೋಷ್ಟಕದಲ್ಲಿ ಕೊಡುವಾಗ ಭಾರತದ ವಿವರವನ್ನು ಒಂದೇ ಸಾಲಿನಲ್ಲಿ ಮುಗಿಸಬಹುದು: 1959, ಬಿ ಪದ್ಧತಿ, ಪಾಲ್ ವರ್ಣ. ಬಿಡಿಬಿಡಿಯಾಗಿ ನೋಡಿದರೆ ಮೂರೂ ನಿಜ. ಅವನ್ನು ಕೂಡಿಸಿ ಗೋವೆಗೆ ಅನ್ವಯಿಸಿದರೆ ಮಾತ್ರ ಎಂದೂ ನಡೆಯದ ಚರಿತ್ರೆಯೊಂದು ಸಿದ್ಧವಾಗುತ್ತದೆ.

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಪ್ರಾಯೋಗಿಕ ಪ್ರಸಾರ ಆರಂಭವಾದಾಗ ಗೋವಾ ಪೋರ್ಚುಗೀಸರ ಆಳ್ವಿಕೆಯಲ್ಲಿತ್ತು. ಲಿಸ್ಬನ್ನಿನಲ್ಲಿ 1957ರ ಮಾರ್ಚ್ 7ರಿಂದಲೇ ನಿಯತ ದೂರದರ್ಶನ ಪ್ರಸಾರ ನಡೆಯುತ್ತಿದ್ದರೂ ಪಣಜಿಯಲ್ಲಿದ್ದ ಪ್ರಸಾರ ಮಾಧ್ಯಮವೆಂದರೆ ಬಾನುಲಿ. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಗೊಂಡಿತು. ಮುಂಬಯಿಯ ದೂರದರ್ಶನ ಕೇಂದ್ರ 1972ರಲ್ಲಿಯೂ ಬೆಂಗಳೂರಿನದು 1981ರಲ್ಲಿಯೂ ಆರಂಭವಾದವು. ಪಣಜಿಯ ಪ್ರಸಾರ ಎಂಬತ್ತರ ದಶಕದ ವಿಸ್ತರಣೆಯ ಫಲ. ಆಗಲೂ ಗೋವಾ ಒಂದು ರಾಜ್ಯವಾಗಿರಲಿಲ್ಲ. 1987ರ ಮೇ 30ರವರೆಗೆ ಅದು ದಮನ್ ಮತ್ತು ದಿಯುಗಳೊಡನೆ ಸೇರಿದ ಕೇಂದ್ರಾಡಳಿತ ಪ್ರದೇಶ. ದೇಶದ ಆರಂಭದ ವರ್ಷವನ್ನು ಪ್ರದೇಶಕ್ಕೆ ಹೊಂದಿಸಿದರೆ ವಸಾಹತು ಆಳ್ವಿಕೆಯೇ ಸದ್ದಿಲ್ಲದೆ ಅಳಿಸಿಹೋಗುತ್ತದೆ.

ವರ್ಣದ ವಿಷಯದಲ್ಲಿಯೂ ಇಂಥದೇ ಕಾಲದೋಷ ನುಸುಳುತ್ತದೆ. ಪಾಲ್ ಪದ್ಧತಿಯನ್ನು ಜರ್ಮನಿಯ ವಾಲ್ಟರ್ ಬ್ರೂಖ್ ರೂಪಿಸಿ ಪ್ರಕಟಿಸಿದ್ದು 1962–63ರಲ್ಲಿ. ಪಶ್ಚಿಮ ಜರ್ಮನಿಯಲ್ಲಿ ಅದು ನಿಯತ ಪ್ರಸಾರಕ್ಕೆ ಬಂದದ್ದು 1967ರಲ್ಲಿ. ಭಾರತ ವರ್ಣ ಪ್ರಸಾರವನ್ನು ಆರಂಭಿಸಿದ್ದು 1982ರಲ್ಲಿ, ದೆಹಲಿಯ ಏಷ್ಯನ್ ಕ್ರೀಡಾಕೂಟದ ವರ್ಷದಲ್ಲಿ. ಅದಕ್ಕೆ ಹಿಂದಿನ ಇಪ್ಪತ್ತಮೂರು ವರ್ಷಗಳ ಪ್ರಸಾರವನ್ನು ಪಾಲ್ ಎಂದು ಕರೆಯುವುದು ಕಪ್ಪು-ಬಿಳುಪಿನ ಚಿತ್ರಕ್ಕೆ ಇಲ್ಲದ ಬಣ್ಣ ಬಳಿದಂತೆ.

ಮಾನಕದ ವಿವರಣೆಯಲ್ಲಿ ಮೂರು ಪದರಗಳನ್ನು ಬೇರ್ಪಡಿಸುವುದು ಅಗತ್ಯ. ಮೊದಲನೆಯದು ಚಿತ್ರದ ರಚನೆ: 625 ಗೆರೆಗಳು, ಸೆಕೆಂಡಿಗೆ ಒಂದು ಬಿಟ್ಟು ಒಂದು ಗೆರೆಯ 50 ಅರೆಚಿತ್ರಗಳು, ಅಂದರೆ 25 ಪೂರ್ಣ ಚಿತ್ರಗಳು. ಎರಡನೆಯದು ವರ್ಣ ಸಂಕೇತನ. ಪಾಲ್ ಎಂಬ ಹೆಸರು ಸಲ್ಲುವುದು ಇದಕ್ಕೆ. ಮೂರನೆಯದು ಬಾನುಲಿ ಅಲೆಯ ಮೇಲಿನ ಸಾಗಾಟ. ಬಿ ಎಂಬ ಅಕ್ಷರದಲ್ಲಿ 7 ಮೆಗಾಹರ್ಟ್ಸ್ ಅಗಲದ ವಾಹಿನಿಯೂ, ಚಿತ್ರವಾಹಕಕ್ಕಿಂತ 5.5 ಮೆಗಾಹರ್ಟ್ಸ್ ಮೇಲಿರುವ ಧ್ವನಿವಾಹಕವೂ ಅಡಗಿವೆ.

ಈ ಭೇದ ಕೇವಲ ಪಾಂಡಿತ್ಯದ ಹಟವಲ್ಲ. ಬ್ರಿಟನ್ನಿನ ಪ್ರಸಾರವೂ 625 ಗೆರೆಗಳ ಪಾಲ್ ಪ್ರಸಾರವೇ ಆಗಿತ್ತು. ಆದರೆ ಅದು ಐ ಪದ್ಧತಿ: ಧ್ವನಿಯ ಅಂತರ 6 ಮೆಗಾಹರ್ಟ್ಸ್, ಪ್ರಸಾರ ಯುಎಚ್‌ಎಫ್ ಪಟ್ಟಿಯಲ್ಲಿ ಮಾತ್ರ. ಅಲ್ಲಿಗಾಗಿಯೇ ತಯಾರಾದ ಪೆಟ್ಟಿಗೆಯನ್ನು ಗೋವೆಗೆ ತಂದರೆ ವಿಎಚ್‌ಎಫ್ ಪ್ರಸಾರ ಅದಕ್ಕೆ ಸಿಗುತ್ತಿರಲಿಲ್ಲ. ಸಿಗುವಂತೆ ಮಾಡಿದರೂ ಚಿತ್ರ ಮೂಡಿ ಮಾತು ಕೇಳಿಸುತ್ತಿರಲಿಲ್ಲ. ಪೋರ್ಚುಗಲ್ಲಿನ ಪೆಟ್ಟಿಗೆಗೆ ಈ ತೊಡಕಿಲ್ಲ. ಅಲ್ಲಿಯ ವಿಎಚ್‌ಎಫ್ ಪ್ರಸಾರವೂ ಬಿ ಪದ್ಧತಿಯದೇ. ಮೂರೂ ಕಡೆ ಹರಡಿದ ಗೋವೆಯ ಕುಟುಂಬಗಳ ದೃಷ್ಟಿಯಿಂದ ‘ಪಾಲ್’ ಎಂಬ ಒಂಟಿ ಪದ ಸಾಲದು. ಕ್ಯಾಸೆಟ್ಟಿನ ವಿಚಾರ ಇದಕ್ಕೆ ವಿಪರೀತ. ವಿಎಚ್‌ಎಸ್ ಟೇಪಿನಲ್ಲಿ ಉಳಿಯುವುದು ಮೊದಲೆರಡು ಪದರಗಳು ಮಾತ್ರ. ಅದರ ಮೇಲೆ ‘ಬಿ ಪದ್ಧತಿ’ ಎಂದು ಬರೆಯುವುದು ನಿರರ್ಥಕ, 625 ಗೆರೆ ಮತ್ತು ಪಾಲ್ ಎಂದು ಬರೆಯುವುದು ಅನಿವಾರ್ಯ.

ಹೆಸರುಗಳಿಗೂ ವಯಸ್ಸಿದೆ. ಅಕ್ಷರ ಸಂಕೇತಗಳು ರೂಢಿಗೆ ಬಂದದ್ದು 1961ರ ಸ್ಟಾಕ್‌ಹೋಮ್ ಸಮ್ಮೇಳನದ ಹಿನ್ನೆಲೆಯಲ್ಲಿ. ಆದುದರಿಂದ 1959ರ ಪ್ರಸಾರವನ್ನು ‘ಬಿ’ ಎನ್ನುವಾಗ ಅದು ತರುವಾಯದ ವರ್ಗೀಕರಣವೆಂಬ ಸೂಚನೆ ಇರಬೇಕು. ‘576ಐ’ ಎಂಬುದು ಡಿಜಿಟಲ್ ಯುಗದ ಹೆಸರು. ಅದು ಕಾಣುವ ಗೆರೆಗಳನ್ನು ಎಣಿಸುತ್ತದೆ, ‘625’ ಒಟ್ಟು ಗೆರೆಗಳನ್ನು ಎಣಿಸುತ್ತದೆ. ಕನ್ನಡದಲ್ಲಿ ಇನ್ನೊಂದು ತೊಡಕೂ ಉಂಟು. ‘ದೂರದರ್ಶನ’ವೆಂಬುದು ಮಾಧ್ಯಮದ ಹೆಸರೂ ಹೌದು, ಸಂಸ್ಥೆಯ ಹೆಸರೂ ಹೌದು. ಆ ಸಂಸ್ಥೆ ಆಕಾಶವಾಣಿಯಿಂದ ಬೇರೆಯಾದದ್ದು 1976ರ ಏಪ್ರಿಲ್ 1ರಂದು. ಅದಕ್ಕೂ ಹಿಂದಿನ ಘಟನೆಗಳಲ್ಲಿ ಯಾವ ಅರ್ಥ ವಿವಕ್ಷಿತವೆಂಬುದನ್ನು ವಾಕ್ಯವೇ ಸ್ಪಷ್ಟಪಡಿಸಬೇಕಾಗುತ್ತದೆ.

ಕೊನೆಯದು ಕ್ರಿಯಾಪದದ ಪ್ರಶ್ನೆ. 2021ರಲ್ಲಿ ಪ್ರಸಾರ ಭಾರತಿ ಅನಲಾಗ್ ಭೂಪ್ರಸಾರವನ್ನು 2022ರ ಮಾರ್ಚ್ ಒಳಗೆ ಹಂತಹಂತವಾಗಿ ನಿಲ್ಲಿಸುವುದಾಗಿ ಪ್ರಕಟಿಸಿ, ಆಯಕಟ್ಟಿನ ಸ್ಥಳಗಳ ಸುಮಾರು 50 ಪ್ರೇಷಕಗಳನ್ನು ಮಾತ್ರ ಹೊರತುಪಡಿಸಿತು. ಬಿ ಪದ್ಧತಿಯ ಲಕ್ಷಣಗಳು ಇಂದಿಗೂ ವರ್ತಮಾನದಲ್ಲಿಯೇ ಹೇಳತಕ್ಕವು, ವ್ಯಾಖ್ಯೆ ಸಾಯುವುದಿಲ್ಲ. ಅದರ ಬಳಕೆಯನ್ನು ಭೂತಕಾಲದಲ್ಲಿ, ಸ್ಥಳ ಮತ್ತು ವರ್ಷಗಳೊಡನೆ ಹೇಳಬೇಕು. ಮುಂದೆಂದೋ ಗೋವೆಯ ಮನೆಯೊಂದರಲ್ಲಿ ಕೊಂಕಣಿಯದೋ ಕನ್ನಡದ್ದೋ ಹಳೆಯ ಟೇಪು ಸಿಕ್ಕಾಗ, ಅದನ್ನು ಯಾವ ಯಂತ್ರಕ್ಕೆ ಹಾಕಬೇಕೆಂದು ತಿಳಿಸಲು ಆಕರ ಗ್ರಂಥದ ಆ ಒಂದು ಸಾಲೇ ಉಳಿದಿರಬಹುದು.